ಶಾಲೆಯ ವಾರ್ಷಿಕ ವರದಿಯಲ್ಲಿ ‘ಎಟಿಎಸ್’ ಹಣೆಪಟ್ಟಿ: ಮಗನನ್ನು ಬೇರೆ ಶಾಲೆಗೆ ಸೇರಿಸಬೇಕೆ?

ಪ್ರಶ್ನೆ: ನಾವು ಅಮೆರಿಕದ ಮಿಷಿಗನ್‌ನ ಓಕ್‌ಲ್ಯಾಂಡ್ ಕೌಂಟಿಯಲ್ಲಿದ್ದೇವೆ. ಮಗ ಇಲ್ಲಿನ ಪಬ್ಲಿಕ್ ಎಲಿಮೆಂಟರಿ ಶಾಲೆಯಲ್ಲಿ ನಾಲ್ಕನೇ ತರಗತಿ ಓದುತ್ತಿದ್ದಾನೆ. ಕಳೆದ ವಾರ ಪ್ರಿನ್ಸಿಪಾಲರಿಂದ ‘ಆನ್ಯುಯಲ್ ಎಜುಕೇಶನ್ ರಿಪೋರ್ಟ್’ ಎಂಬ ಪತ್ರ ಬಂತು. ಐಇಪಿ (ವಿಶೇಷ ಶಿಕ್ಷಣಕ್ಕಾಗಿ ಮಾಡಿದ ವೈಯಕ್ತಿಕ ಯೋಜನೆ) ಇರುವ ಮಕ್ಕಳ ಗುಂಪಿನ ಫಲಿತಾಂಶದಿಂದಾಗಿ ಶಾಲೆಯನ್ನು ‘ಎಟಿಎಸ್’ ಎಂದು ಗುರುತಿಸಲಾಗಿದೆ ಎಂದು ಅದರಲ್ಲಿದೆ. ಮೂರನೇ ತರಗತಿಯ ಇಂಗ್ಲಿಷ್‌ನಲ್ಲಿ ಪ್ರೊಫಿಶಿಯೆಂಟ್ ಆದವರು, ಅಂದರೆ ರಾಜ್ಯ ನಿಗದಿ ಮಾಡಿದ ಮಟ್ಟ ಮುಟ್ಟಿದವರು, ಹಿಂದಿನ ವರ್ಷ ಶೇ 62, ಈ ಸಲ ಶೇ 55. ತರಗತಿಯಲ್ಲಿ ಒಟ್ಟು 60 ಮಕ್ಕಳು. ಕೆಲವು ಸಾಲುಗಳಲ್ಲಿ ಅಂಕಿಯೇ ಇಲ್ಲ, ‘10ಕ್ಕಿಂತ ಕಡಿಮೆ’ ಎಂದಷ್ಟೇ ಇದೆ. ನನ್ನ ಮಗನಿಗೆ ಮೂರನೇ ತರಗತಿಯ ಎಂ-ಸ್ಟೆಪ್ ಎಂಬ ರಾಜ್ಯದ ಪರೀಕ್ಷೆಯ ಇಂಗ್ಲಿಷ್‌ನಲ್ಲಿ 1294 ಬಂದು ‘ಪಾರ್ಶಿಯಲಿ ಪ್ರೊಫಿಶಿಯೆಂಟ್’ ಆಗಿದೆ. ಆದರೆ ರಿಪೋರ್ಟ್ ಕಾರ್ಡಿನಲ್ಲಿ ಎಲ್ಲವೂ 3, ಶಾಲೆಯಲ್ಲಿ ವರ್ಷಕ್ಕೆ ಕೆಲವು ಸಲ ಕೊಡುವ ಮ್ಯಾಪ್ ಪರೀಕ್ಷೆಯಲ್ಲಿ 58ನೇ ಪರ್ಸೆಂಟೈಲ್. ಶಾಲೆ ಫೇಲಾಗಿದೆ, ಸರ್ಕಾರವೇ ಬೇರೆ ಶಾಲೆ ಕೊಡಬೇಕು, ಕೇಳಿ ಎನ್ನುತ್ತಾರೆ ಸ್ನೇಹಿತರು. ಇದರಲ್ಲಿ ನಿಜವೆಷ್ಟು? ಮಗನನ್ನು ಪಕ್ಕದ ಸ್ಕೂಲ್ ಡಿಸ್ಟ್ರಿಕ್ಟ್‌ಗೆ ಸೇರಿಸುವುದು ಒಳ್ಳೆಯದೆ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕ ಒಂದಕ್ಕೊಂದು ಬೆರೆತಿವೆ. ಶಾಲೆ ಕೆಡುತ್ತಿದೆಯೇ ಎಂಬುದು ಒಂದು, ಮಗ ಹಿಂದೆ ಬಿದ್ದಿದ್ದಾನೆಯೇ ಎಂಬುದು ಇನ್ನೊಂದು. ವಾರ್ಷಿಕ ವರದಿಯಿಂದ ಮೊದಲನೆಯದಕ್ಕೆ ಅರ್ಧ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಅದರಿಂದ ಉತ್ತರ ಸಿಗುವುದೇ ಇಲ್ಲ. ಅದಕ್ಕೆ ಬೇರೆ ಕಾಗದಗಳನ್ನು ನೋಡಬೇಕು.

ಮೊದಲು ಆ ಪತ್ರ ಏನೆಂದು ತಿಳಿಯೋಣ. ಅದನ್ನು ಕಳಿಸುವುದು ಪ್ರಿನ್ಸಿಪಾಲರ ಇಷ್ಟಕ್ಕೆ ಬಿಟ್ಟದ್ದಲ್ಲ. ಮಿಷಿಗನ್‌ನ 1990ರ ಕಾನೂನು ಪ್ರತಿ ಪಬ್ಲಿಕ್ ಶಾಲೆಯೂ ಇಂಥ ವರದಿ ಕೊಡಬೇಕು ಎನ್ನುತ್ತದೆ. ಅದರ ಮೇಲೆ 2015ರ ಒಕ್ಕೂಟ ಕಾನೂನು, ಅಂದರೆ ‘ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್ ಆ್ಯಕ್ಟ್’, ತನ್ನ ಬೇಡಿಕೆಗಳನ್ನು ಸೇರಿಸಿದೆ. ಸರ್ಕಾರಿ ಹಣದಲ್ಲಿ ಸ್ವತಂತ್ರವಾಗಿ ನಡೆಯುವ ಚಾರ್ಟರ್ ಶಾಲೆಗಳಿಗೂ ಇದೇ ನಿಯಮ. ಹೀಗಾಗಿ ಪತ್ರದ ಆರಂಭದ ವಾಕ್ಯಗಳು ರಾಜ್ಯದ ಎಲ್ಲ ಶಾಲೆಗಳಲ್ಲೂ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ, ಶಿಕ್ಷಣ ಇಲಾಖೆ ಕೊಟ್ಟ ಮಾದರಿಯಿಂದ ಎತ್ತಿಕೊಂಡವು. ಪೋಷಕರು ಅಲ್ಲೇ ಓದು ನಿಲ್ಲಿಸಿಬಿಡುತ್ತಾರೆ. ಪ್ರಿನ್ಸಿಪಾಲರು ಸ್ವಂತವಾಗಿ ಬರೆಯಬೇಕಾದ ಭಾಗ ಅದರ ಕೆಳಗೆ ಬರುತ್ತದೆ. ಶಾಲೆಯ ಮುಖ್ಯ ಸವಾಲುಗಳೇನು, ಅವುಗಳಿಗೆ ಏನು ಮಾಡುತ್ತಿದ್ದೇವೆ ಎಂಬ ಒಂದೆರಡು ಪ್ಯಾರಾ ಅಷ್ಟೆ. ಇಡೀ ದಾಖಲೆಯಲ್ಲಿ ಹೆಚ್ಚು ಬೆಲೆಯುಳ್ಳದ್ದು ಅದೇ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ವಿಷಯ ನೆನಪಿರಲಿ. ಪತ್ರ ಈಗ ಬಂದಿದ್ದರೂ ಅದರಲ್ಲಿರುವುದು ಹಿಂದಿನ ಶಾಲಾ ವರ್ಷದ ಲೆಕ್ಕ. ಎಂ-ಸ್ಟೆಪ್ ನಡೆಯುವುದು ವಸಂತದಲ್ಲಿ, ಏಪ್ರಿಲ್–ಮೇ ಹೊತ್ತಿಗೆ. ಈಗ ಮಗನಿಗೆ ಪಾಠ ಮಾಡುತ್ತಿರುವ ಶಿಕ್ಷಕರ ಕೆಲಸ ಆ ಅಂಕಿಗಳಲ್ಲಿ ಇಲ್ಲ.

ಈಗ ‘ಎಟಿಎಸ್’ ವಿಚಾರ. ‘ಅಡಿಶನಲ್ ಟಾರ್ಗೆಟೆಡ್ ಸಪೋರ್ಟ್’ ಎಂಬುದರ ಚುಟುಕು ಅದು. ಹಣೆಪಟ್ಟಿಗಳು ಮೂರು ಬಗೆ. ‘ಸಿಎಸ್‌ಐ’ (ಕಾಂಪ್ರಹೆನ್ಸಿವ್ ಸಪೋರ್ಟ್ ಆ್ಯಂಡ್ ಇಂಪ್ರೂವ್‌ಮೆಂಟ್) ಬರುವುದು ಒಟ್ಟಾರೆ ಸಾಧನೆಯಲ್ಲಿ ತೀರಾ ಕೆಳಗಿರುವ ಶಾಲೆಗಳಿಗೆ, ಅಂದರೆ ಕೊನೆಯ ಶೇ 5ರಲ್ಲಿರುವ ಶಾಲೆಗಳಿಗೆ. ಮೂರರಲ್ಲಿ ಒಬ್ಬರು ಮಕ್ಕಳು ಓದು ಮುಗಿಸದೆ ಹೋಗುವಂಥ ಹೈಸ್ಕೂಲುಗಳಿಗೂ ಅದೇ ಪಟ್ಟಿ ಬೀಳುತ್ತದೆ. ‘ಟಿಎಸ್‌ಐ’ (ಟಾರ್ಗೆಟೆಡ್ ಸಪೋರ್ಟ್ ಆ್ಯಂಡ್ ಇಂಪ್ರೂವ್‌ಮೆಂಟ್) ಮತ್ತು ‘ಎಟಿಎಸ್’ ಹಾಗಲ್ಲ, ಅವು ಒಂದು ನಿರ್ದಿಷ್ಟ ಗುಂಪಿನ ಮಕ್ಕಳ ಫಲಿತಾಂಶದಿಂದ ಬರುತ್ತವೆ. ನಿಮ್ಮ ಶಾಲೆಯಲ್ಲಿ ಐಇಪಿ ಇರುವ ಮಕ್ಕಳನ್ನಷ್ಟೇ ಒಂದು ಶಾಲೆ ಎಂದು ಎಣಿಸಿದರೆ, ಆ ‘ಶಾಲೆ’ ಸಿಎಸ್‌ಐ ಮಟ್ಟದಲ್ಲಿದೆ ಎಂಬುದೇ ಎಟಿಎಸ್‌ನ ಅರ್ಥ. ಉಳಿದ ಮಕ್ಕಳು ಚೆನ್ನಾಗಿ ಓದುತ್ತಿರುವ, ಹೆಸರುವಾಸಿ ಡಿಸ್ಟ್ರಿಕ್ಟ್‌ಗಳ ಶಾಲೆಗಳಿಗೂ ಈ ಪಟ್ಟಿ ಬರಬಹುದು. ಹಾಗಂತ ಇದು ಸಣ್ಣ ವಿಷಯವಲ್ಲ. ಶಾಲೆ ಯಾವ ಮಕ್ಕಳನ್ನು ತಲುಪುತ್ತಿಲ್ಲ ಎಂದು ಬೆರಳಿಟ್ಟು ತೋರಿಸುವ ಪಟ್ಟಿ ಅದು. ಆ ಮಕ್ಕಳಲ್ಲಿ ನಿಮ್ಮ ಮಗ ಇದ್ದಾನೆಯೇ ಎಂಬುದರ ಮೇಲೆ ನಿಮ್ಮ ಮುಂದಿನ ಹೆಜ್ಜೆ ನಿಂತಿದೆ.

‘ಶಾಲೆ ಫೇಲಾಗಿದೆ’ ಎಂಬ ಮಾತು ಹಳೆಯ ಕಾನೂನಿನ ನೆನಪು. 2002ರ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಲದಲ್ಲಿ ಶಾಲೆಗಳು ಪ್ರತಿ ವರ್ಷ ‘ಎವೈಪಿ’ ಎಂಬ ಗುರಿ ಮುಟ್ಟಬೇಕಿತ್ತು, ಮುಟ್ಟಿದೆ ಇಲ್ಲವೇ ಮುಟ್ಟಿಲ್ಲ ಎಂಬ ಎರಡೇ ಉತ್ತರವಿತ್ತು. 2014ರ ಹೊತ್ತಿಗೆ ನೂರಕ್ಕೆ ನೂರು ಮಕ್ಕಳೂ ಪ್ರೊಫಿಶಿಯೆಂಟ್ ಆಗಬೇಕೆಂಬುದು ಗುರಿ. ಟೈಟಲ್ 1 ನೆರವು (ಬಡ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಒಕ್ಕೂಟ ಸರ್ಕಾರ ಕೊಡುವ ಹಣ) ಪಡೆಯುವ ಶಾಲೆ ಸತತ ಎರಡು ವರ್ಷ ಅದನ್ನು ಮುಟ್ಟದಿದ್ದರೆ, ಬೇರೆ ಶಾಲೆಗೆ ಹೋಗುವ ಅವಕಾಶವನ್ನು ಡಿಸ್ಟ್ರಿಕ್ಟೇ ಕೊಡಬೇಕಿತ್ತು. ನಿಮ್ಮ ಸ್ನೇಹಿತರು ಹೇಳುತ್ತಿರುವುದು ಅದನ್ನೇ ಇರಬೇಕು. 2015ರ ಕಾನೂನು ಎವೈಪಿಯನ್ನೂ ಆ ಕಡ್ಡಾಯ ವರ್ಗಾವಣೆಯನ್ನೂ ತೆಗೆದುಹಾಕಿತು. ಎಟಿಎಸ್ ಆಧಾರದ ಮೇಲೆ ಬೇರೆ ಶಾಲೆ ಕೊಡಿ ಎಂದು ಕೇಳುವ ಹಕ್ಕು ಇಂದು ನಿಮಗಿಲ್ಲ. ಶಾಲೆಗಳಿಗೆ ಎ ಇಂದ ಎಫ್ ತನಕ ಗ್ರೇಡ್ ಕೊಡುವ ಕಾನೂನು ಮಿಷಿಗನ್‌ನಲ್ಲಿ 2018ರಲ್ಲಿ ಬಂತು, 2023ರಲ್ಲಿ ರದ್ದಾಯಿತು. ಮನೆ ಮಾರುವ ಜಾಲತಾಣಗಳಲ್ಲಿ ಶಾಲೆಯ ಹೆಸರಿನ ಪಕ್ಕ ಕಾಣುವ ಅಂಕಗಳು ಖಾಸಗಿಯವರ ಲೆಕ್ಕ, ರಾಜ್ಯದ್ದಲ್ಲ.

62 ಮತ್ತು 55ರ ಕಡೆ ಬರೋಣ. ತರಗತಿಯಲ್ಲಿ 60 ಮಕ್ಕಳಿದ್ದಾರೆ ಎಂದಿರಿ. ಎರಡೂ ವರ್ಷ ಅಷ್ಟೇ ಮಕ್ಕಳಿದ್ದರೆ ಶೇ 62 ಎಂದರೆ 37 ಮಕ್ಕಳು, ಶೇ 55 ಎಂದರೆ 33. ಏಳು ಶೇಕಡಾದ ಕುಸಿತ ಎಂದು ಕಂಡದ್ದು ಅಸಲಿಗೆ ನಾಲ್ಕು ಮಕ್ಕಳ ವ್ಯತ್ಯಾಸ. ಒಂದು ಮಗು ಜ್ವರದಲ್ಲೇ ಪರೀಕ್ಷೆಗೆ ಕೂತರೆ, ಒಂದೆರಡು ಕುಟುಂಬಗಳು ಊರು ಬಿಟ್ಟು ಹೋದರೆ ಈ ಅಂಕಿ ಅತ್ತಿತ್ತ ಆಗಿಬಿಡುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಇವು ಒಂದೇ ಮಕ್ಕಳ ಎರಡು ವರ್ಷದ ಅಂಕಿಗಳಲ್ಲ. ಹಿಂದಿನ ವರ್ಷ ಮೂರನೇ ತರಗತಿಯಲ್ಲಿದ್ದವರು ಈ ವರದಿಯಲ್ಲಿ ನಾಲ್ಕನೇ ತರಗತಿಯ ಸಾಲಿಗೆ ಹೋಗಿದ್ದಾರೆ. ಹೋಲಿಸಬೇಕೆಂದರೆ ಹಳೆಯ ವರದಿಯ ಮೂರನೇ ತರಗತಿಯನ್ನು ಹೊಸ ವರದಿಯ ನಾಲ್ಕನೇ ತರಗತಿಯ ಪಕ್ಕ ಇಡಿ. 62 ಇದ್ದದ್ದು ಅಲ್ಲಿ 64 ಆಗಿದ್ದರೆ ಒಂದು ಕಥೆ, 48 ಆಗಿದ್ದರೆ ಬೇರೆಯೇ ಕಥೆ. ಕನಿಷ್ಠ ಮೂರು ವರ್ಷದ ಸಾಲು ಹಿಡಿದು ನೋಡುವುದು ಒಳ್ಳೆಯದು. ಆದರೆ 2020ರ ವಸಂತದಲ್ಲಿ ಎಂ-ಸ್ಟೆಪ್ ನಡೆಯಲೇ ಇಲ್ಲ, 2021ರಲ್ಲಿ ಬಹಳಷ್ಟು ಮಕ್ಕಳು ಬರೆಯಲಿಲ್ಲ. ಆ ಎರಡು ವರ್ಷಗಳನ್ನು ಹೋಲಿಕೆಗೆ ತರಬೇಡಿ.

‘10ಕ್ಕಿಂತ ಕಡಿಮೆ’ ಎಂದಿರುವಲ್ಲಿ ಯಾರೂ ಏನನ್ನೂ ಮುಚ್ಚಿಡುತ್ತಿಲ್ಲ. ಗುಂಪಿನಲ್ಲಿ ಹತ್ತಕ್ಕಿಂತ ಕಡಿಮೆ ಮಕ್ಕಳಿದ್ದರೆ ಶೇಕಡಾ ನೋಡಿ ಇಂಥ ಮಗು ಎಂದು ಊಹಿಸಿಬಿಡಬಹುದು. ಅದಕ್ಕೇ ಅಂಕಿಯನ್ನು ಮರೆಮಾಡುತ್ತಾರೆ.

ಶೇಕಡಾದ ಇನ್ನೊಂದು ತೊಡಕು ಪರೀಕ್ಷೆ ತಪ್ಪಿಸಿದವರದು. ಪ್ರತಿ ಗುಂಪಿನಲ್ಲೂ ಶೇ 95ರಷ್ಟು ಮಕ್ಕಳು ಬರೆಯಬೇಕೆಂದು ಒಕ್ಕೂಟ ಕಾನೂನು ಹೇಳುತ್ತದೆ. ಅಷ್ಟು ಮಕ್ಕಳು ಬರೆಯದಿದ್ದರೂ ಶಾಲೆಯನ್ನು ಅಳೆಯುವ ಲೆಕ್ಕದಲ್ಲಿ ಭಾಗಿಸುವ ಸಂಖ್ಯೆ ಆ ಶೇ 95ಕ್ಕಿಂತ ಕೆಳಗಿಳಿಯುವುದಿಲ್ಲ. 60 ಮಕ್ಕಳಲ್ಲಿ 50 ಜನ ಬರೆದು 40 ಜನ ಪ್ರೊಫಿಶಿಯೆಂಟ್ ಆದರೆ ಶೇ 80 ಎಂದು ನೀವಂದುಕೊಳ್ಳುತ್ತೀರಿ. ಆದರೆ ಭಾಗಿಸುವುದು 60ರ ಶೇ 95ರಿಂದ, ಅಂದರೆ 57ರಿಂದ. ಫಲಿತ ಸುಮಾರು ಶೇ 70. ಹಾಗಾಗಿ ಅಂಕಿ ಬಿದ್ದಿದೆ ಎಂದು ಕಂಡಾಗ ಎಷ್ಟು ಮಕ್ಕಳು ಪರೀಕ್ಷೆ ಬರೆದರು ಎಂಬ ಅಂಕಿಯನ್ನೂ ನೋಡಿ.

ವರದಿಯಲ್ಲಿ ‘ನೇಪ್’ ಎಂಬ ಕೋಷ್ಟಕವೂ ಇರುತ್ತದೆ. ಅದನ್ನು ಬಿಟ್ಟುಬಿಡಿ. ದೇಶದಾದ್ಯಂತ ಆಯ್ದ ಮಕ್ಕಳಿಗಷ್ಟೇ ಕೊಡುವ ಪರೀಕ್ಷೆ ಅದು, ಅದರಲ್ಲಿರುವುದು ಇಡೀ ಮಿಷಿಗನ್‌ನ ಅಂಕಿ. ಅದರ ‘ಪ್ರೊಫಿಶಿಯೆಂಟ್’ ಮಟ್ಟವೂ ತರಗತಿಯ ಮಟ್ಟಕ್ಕೆ ಸಮವಲ್ಲ, ಅದಕ್ಕಿಂತ ಎತ್ತರದ್ದು. ಸಭೆಗೆ ಬಂದ ಪೋಷಕರ ಶೇಕಡಾವನ್ನೂ ಕೊಟ್ಟಿರುತ್ತಾರೆ, ಕಾನೂನು ಕೇಳುತ್ತದೆ ಅಂತ. ಅದರಿಂದ ನಿಮಗೆ ಹೆಚ್ಚೇನೂ ತಿಳಿಯುವುದಿಲ್ಲ.

ಶಾಲೆ ಕಲಿಸುತ್ತಿದೆಯೇ ಎಂದು ತಿಳಿಯಬೇಕಾದರೆ ‘ಗ್ರೋತ್’ ಅಂಕಿಯನ್ನು ಹುಡುಕಿ. ರಾಜ್ಯದ ಶಾಲಾ ಸೂಚ್ಯಂಕದಲ್ಲೇ ಅದಕ್ಕೆ ಶೇ 34 ತೂಕ, ಪ್ರೊಫಿಶಿಯೆನ್ಸಿಗೆ ಶೇ 29. ಕಾರಣ ಸರಳ. ಪ್ರೊಫಿಶಿಯೆಂಟ್ ಶೇಕಡಾದಲ್ಲಿ ಮಕ್ಕಳು ಯಾವ ಮನೆಯಿಂದ ಬಂದರು ಎಂಬುದು ಬಹಳ ಮಟ್ಟಿಗೆ ಸೇರಿಹೋಗಿರುತ್ತದೆ. ಓದಿದ ಅಪ್ಪ ಅಮ್ಮ, ಟ್ಯೂಶನ್, ಮನೆ ತುಂಬ ಪುಸ್ತಕ ಇರುವ ಮಕ್ಕಳೇ ತುಂಬಿದ ಶಾಲೆಯಲ್ಲಿ ಪಾಠ ಸಾಧಾರಣವಾಗಿದ್ದರೂ ಶೇ 80 ಬರಬಹುದು. ಗ್ರೋತ್ ಲೆಕ್ಕದಲ್ಲಿ, ಹಿಂದೆ ಅಷ್ಟೇ ಅಂಕ ಪಡೆದಿದ್ದ ರಾಜ್ಯದ ಇತರ ಮಕ್ಕಳ ಜೊತೆ ನಿಮ್ಮ ಮಗುವನ್ನು ಹೋಲಿಸಿ 1ರಿಂದ 99ರ ತನಕ ಒಂದು ಪರ್ಸೆಂಟೈಲ್ ಕೊಡುತ್ತಾರೆ. 50 ಎಂದರೆ ಅಂಥ ಮಕ್ಕಳ ನಡುವೆ ಸರಿಯಾಗಿ ಮಧ್ಯದಲ್ಲಿದ್ದಾನೆ ಎಂದರ್ಥ. ಮೂರನೇ ತರಗತಿಗೆ ಹಿಂದಿನ ಎಂ-ಸ್ಟೆಪ್ ಇರುವುದಿಲ್ಲ, ಏಕೆಂದರೆ ಪರೀಕ್ಷೆ ಶುರುವಾಗುವುದೇ ಅಲ್ಲಿ. ಮಗನಿಗೆ ಎಂ-ಸ್ಟೆಪ್‌ನಿಂದ ಎಂ-ಸ್ಟೆಪ್‌ಗೆ ಹೋಲಿಸಿದ ಗ್ರೋತ್ ಅಂಕಿ ನಾಲ್ಕನೇ ತರಗತಿಯ ಪರೀಕ್ಷೆಯ ನಂತರವೇ ಸಿಗುತ್ತದೆ. ಶಾಲೆಯ ಅಂಕಿಗಳು ರಾಜ್ಯದ ‘ಎಂಐ ಸ್ಕೂಲ್ ಡೇಟಾ’ ತಾಣದಲ್ಲಿವೆ. ಪತ್ರದಲ್ಲಿರುವ ಕೊಂಡಿ ನಿಮ್ಮನ್ನು ಅಲ್ಲಿಗೇ ಒಯ್ಯುತ್ತದೆ.

ಈಗ ಮಗನ ವಿಚಾರ. ಎಂ-ಸ್ಟೆಪ್‌ನಲ್ಲಿ ಮೂರನೇ ತರಗತಿಗೆ ಪ್ರೊಫಿಶಿಯೆಂಟ್ ಗೆರೆ 1300, ನಾಲ್ಕನೆಯದಕ್ಕೆ 1400, ಹೀಗೆ ಮೇಲಕ್ಕೆ ಹೋಗುತ್ತದೆ. ಮಗನಿಗೆ ಆರು ಅಂಕ ಕಡಿಮೆ ಬಂದಿದೆ. ಯಾವ ಪರೀಕ್ಷೆಯ ಅಂಕವೂ ಸೂಜಿಮೊನೆಯಷ್ಟು ನಿಖರವಲ್ಲ. ಅದೇ ಮಗು ಇನ್ನೊಂದು ದಿನ ಬರೆದಿದ್ದರೆ ಕೆಲವು ಅಂಕ ಮೇಲೋ ಕೆಳಗೋ ಬಂದೀತು. 1294 ಎಂದರೆ ಗೆರೆಯ ಹತ್ತಿರದಲ್ಲಿದ್ದಾನೆ ಎಂದು ಓದಿಕೊಳ್ಳಿ, ಫೇಲು ಎಂದಲ್ಲ. ಇಂಗ್ಲಿಷ್ ಎಂ-ಸ್ಟೆಪ್‌ನಲ್ಲಿ ಈ ಗೆರೆಗಿಂತ ತೀರಾ ಕಡಿಮೆ ಅಂಕ ಬಂದವರನ್ನು ಮೂರನೇ ತರಗತಿಯಲ್ಲೇ ಉಳಿಸಿಕೊಳ್ಳುವ ನಿಯಮವನ್ನೂ 2023ರಲ್ಲಿ ತೆಗೆದಿದ್ದಾರೆ. ಆ ಭಯವೂ ಬೇಡ.

ಹಾಗಾದರೆ 58ನೇ ಪರ್ಸೆಂಟೈಲ್ ಹೇಗೆ ಬಂತು? ಎರಡು ಪರೀಕ್ಷೆಗಳು ಎರಡು ಬೇರೆ ಪ್ರಶ್ನೆ ಕೇಳುತ್ತವೆ. ಇದು ಬಹಳಷ್ಟು ಪೋಷಕರನ್ನು ಗೊಂದಲಕ್ಕೆ ಬೀಳಿಸುವ ಜಾಗ. ಮ್ಯಾಪ್ ಹೇಳುವುದು, ದೇಶದ ಅದೇ ತರಗತಿಯ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ನಿಮ್ಮ ಮಗನ ಹಿಂದೆ 58 ಮಕ್ಕಳಿದ್ದಾರೆ ಎಂದು. ನೂರಕ್ಕೆ 58 ಅಂಕ ಬಂತು ಎಂಬ ಅರ್ಥವಲ್ಲ. ಎಂ-ಸ್ಟೆಪ್ ಹೇಳುವುದು, ರಾಜ್ಯ ನಿಗದಿ ಮಾಡಿದ ಮಟ್ಟ ಮುಟ್ಟಿದ್ದಾನೆಯೇ ಎಂದು. ಆ ಮಟ್ಟ ಎತ್ತರದಲ್ಲಿದೆ. 2024ರ ವಸಂತದಲ್ಲಿ ಮಿಷಿಗನ್‌ನ ಮೂರನೇ ತರಗತಿಯ ಮಕ್ಕಳಲ್ಲಿ ಇಂಗ್ಲಿಷ್‌ನಲ್ಲಿ ಅದನ್ನು ಮುಟ್ಟಿದವರು ಶೇ 40ರ ಆಸುಪಾಸು. ಅಂದರೆ ಅರ್ಧಕ್ಕಿಂತ ತುಸು ಮುಂದಿರುವ ಮಗು ಆ ಗೆರೆಯ ಕೆಳಗೇ ಉಳಿಯುವುದು ಸಹಜ. ಎರಡೂ ಕಾಗದಗಳು ಒಂದನ್ನೊಂದು ಸುಳ್ಳು ಮಾಡುತ್ತಿಲ್ಲ. ಇದನ್ನು ತಿರುಗಿಸಿ ನೋಡಿದರೆ, ಮೂರನೇ ತರಗತಿಯಲ್ಲಿ ಶೇ 55 ತಂದಿರುವ ನಿಮ್ಮ ಶಾಲೆ ರಾಜ್ಯದ ಸರಾಸರಿಗಿಂತ ಮುಂದಿದೆ.

ರಿಪೋರ್ಟ್ ಕಾರ್ಡಿನ 3 ಮಾತ್ರ ನೀವು ಪ್ರಶ್ನಿಸಬೇಕಾದ ಅಂಕಿ. ಸಾಮಾನ್ಯವಾಗಿ 3 ಎಂದರೆ ಆ ಅವಧಿಯಲ್ಲಿ ಕಲಿಸಿದ್ದನ್ನು ಮಗು ಮಾಡಬಲ್ಲದು ಎಂದು. ವರ್ಷದ ಕೊನೆಯ ಮಟ್ಟ ಮುಟ್ಟಿದೆ ಎಂದು ಅದು ಹೇಳಬೇಕಾಗಿಲ್ಲ. ಎಂ-ಸ್ಟೆಪ್‌ನ ವೈಯಕ್ತಿಕ ವರದಿಯನ್ನು ಹಿಡಿದು ಶಿಕ್ಷಕರ ಹತ್ತಿರ ಹೋಗಿ. ಅದರಲ್ಲಿ ಓದು, ಬರವಣಿಗೆ, ಆಲಿಸುವಿಕೆ, ಮಾಹಿತಿ ಹುಡುಕಿ ಬಳಸುವುದು ಎಂದು ಭಾಗಗಳಿರುತ್ತವೆ. ಎಲ್ಲಿ ಕಡಿಮೆಯಾಗಿದೆ ನೋಡಿ. ಕನ್ನಡ ಮನೆಗಳ ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು, ಗಟ್ಟಿಯಾಗಿ ಸರಾಗವಾಗಿ ಓದುತ್ತಾರೆ, ಆದರೆ ಓದಿದ ಗದ್ಯದಿಂದ ಆಧಾರ ತೆಗೆದು ಎರಡು ಪ್ಯಾರಾ ಬರೆಯಿರಿ ಎಂದರೆ ಒಂದು ಸಾಲಿಗೆ ನಿಲ್ಲಿಸುತ್ತಾರೆ. ಅದು ಓದಿನ ಸಮಸ್ಯೆಯಲ್ಲ, ಬರವಣಿಗೆಯ ಅಭ್ಯಾಸದ್ದು. ಮನೆಯಲ್ಲಿ ಕನ್ನಡ ಮಾತಾಡುವುದನ್ನು ನಿಲ್ಲಿಸಿದರೆ ಅದು ಸರಿಹೋಗುವುದಿಲ್ಲ. ದಯವಿಟ್ಟು ಆ ತಪ್ಪು ಮಾಡಬೇಡಿ. ದಿನಕ್ಕೆ ಹತ್ತು ನಿಮಿಷ, ಓದಿದ ಒಂದು ಪುಟದ ಬಗ್ಗೆ ‘ಹೀಗೆಂದು ನಿನಗೆ ಹೇಗೆ ಗೊತ್ತಾಯಿತು, ಯಾವ ವಾಕ್ಯದಿಂದ?’ ಎಂದು ಕೇಳಿ ನಾಲ್ಕು ಸಾಲು ಬರೆಸಿ. ಪ್ರಶ್ನೋತ್ತರ ಕನ್ನಡದಲ್ಲಿ ನಡೆದರೂ ನಷ್ಟವಿಲ್ಲ.

ಶಾಲೆ ಬದಲಿಸುವ ಯೋಚನೆಗೆ ಬರೋಣ. ಮಗನಿಗೆ ಐಇಪಿ ಇಲ್ಲದಿದ್ದರೆ, ನೀವು ಬರೆದಿರುವ ಅಂಕಿಗಳಲ್ಲಿ ಶಾಲೆ ಬಿಡಿಸಲು ಕಾರಣ ನನಗೆ ಕಾಣುತ್ತಿಲ್ಲ. ಅಲ್ಲೇ ಇರಿಸಿದರೆ ಇರುವ ಅಪಾಯ, ಸುಮ್ಮನೆ ಕೂತು ಒಂದು ವರ್ಷ ಕಳೆಯುವುದು. ಚಳಿಗಾಲದ ಮ್ಯಾಪ್ ಫಲಿತಾಂಶವನ್ನು ಕೇಳಿ ಪಡೆಯಿರಿ, ಶರತ್ಕಾಲದ ಅಂಕದ ಪಕ್ಕ ಇಟ್ಟು ನೋಡಿ. ಅಂಕ ಏರದೆ ನಿಂತಿದ್ದರೆ ವಸಂತದ ತನಕ ಕಾಯಬೇಡಿ.

ಪಕ್ಕದ ಡಿಸ್ಟ್ರಿಕ್ಟ್‌ಗೆ ಹೋಗುವ ದಾರಿ ‘ಸ್ಕೂಲ್ಸ್ ಆಫ್ ಚಾಯ್ಸ್’. ಮಿಷಿಗನ್ ಕಾನೂನಿನಲ್ಲಿ ಅದಕ್ಕೆ ಎರಡು ಸೆಕ್ಷನ್‌ಗಳಿವೆ. ನಿಮ್ಮದೇ ಇಂಟರ್ಮೀಡಿಯೆಟ್ ಡಿಸ್ಟ್ರಿಕ್ಟ್ (ಹಲವು ಸ್ಕೂಲ್ ಡಿಸ್ಟ್ರಿಕ್ಟ್‌ಗಳು ಸೇರಿದ, ಹೆಚ್ಚಾಗಿ ಕೌಂಟಿ ಮಟ್ಟದ ಘಟಕ) ಒಳಗಿನ ಶಾಲೆಗಳಿಗೆ ಸೆಕ್ಷನ್ 105, ಅದಕ್ಕೆ ಅಂಟಿಕೊಂಡ ಇಂಟರ್ಮೀಡಿಯೆಟ್ ಡಿಸ್ಟ್ರಿಕ್ಟ್‌ನ ಶಾಲೆಗಳಿಗೆ 105ಸಿ. ಎಷ್ಟು ಸೀಟು, ಯಾವ ತರಗತಿಗೆ ಎಂಬುದನ್ನು ಸೇರಿಸಿಕೊಳ್ಳುವ ಡಿಸ್ಟ್ರಿಕ್ಟೇ ಪ್ರತಿ ವರ್ಷ ತೀರ್ಮಾನಿಸುತ್ತದೆ. ಬೇಡಿಕೆ ಹೆಚ್ಚಿರುವ ಡಿಸ್ಟ್ರಿಕ್ಟ್‌ಗಳು ಸೀಟೇ ತೆರೆಯದಿರಬಹುದು. ಅರ್ಜಿಯ ದಿನಾಂಕಗಳೂ ಬೇರೆಬೇರೆ, ತಪ್ಪಿಸಿಕೊಂಡರೆ ಮುಂದಿನ ವರ್ಷವೇ. ಬಸ್ಸು ಸಿಗುತ್ತದೆಂದು ನಂಬಬೇಡಿ, ಬೆಳಿಗ್ಗೆ ಮಧ್ಯಾಹ್ನ ನೀವೇ ಓಡಾಡಬೇಕಾಗುತ್ತದೆ. ಹೋಗುವ ಮುನ್ನ ಆ ಶಾಲೆಯ ವಾರ್ಷಿಕ ವರದಿಯನ್ನೂ ತೆಗೆದು ಮೇಲೆ ಹೇಳಿದ ಹಾಗೆಯೇ ಓದಿ. ಐಇಪಿ ಇರುವ ಮಕ್ಕಳ ಸಂಖ್ಯೆ ಅಲ್ಲಿ ಕಡಿಮೆ ಇದ್ದರೆ ಆ ಗುಂಪು ಲೆಕ್ಕಕ್ಕೇ ಬರುವುದಿಲ್ಲ, ಹಣೆಪಟ್ಟಿಯೂ ಬರುವುದಿಲ್ಲ. ಪಟ್ಟಿ ಇಲ್ಲ ಎಂದ ಮಾತ್ರಕ್ಕೆ ಪಾಠ ಚೆನ್ನಾಗಿದೆ ಎಂದಲ್ಲ. ಖಾಸಗಿ ಶಾಲೆಗಳಿಗಂತೂ ಈ ವರದಿ ಕೊಡುವ ಕಡ್ಡಾಯವೇ ಇಲ್ಲ, ಹೋಲಿಸಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಮಗನಿಗೆ ಐಇಪಿ ಇದ್ದರೆ ನನ್ನ ಉತ್ತರ ಬದಲಾಗುತ್ತದೆ. ಆಗ ಈ ಹಣೆಪಟ್ಟಿ ನೇರವಾಗಿ ನಿಮ್ಮ ಮಗುವಿನ ಬಗ್ಗೆಯೇ ಮಾತಾಡುತ್ತಿದೆ. ವರ್ಷಕ್ಕೊಮ್ಮೆ ನಡೆಯುವ ಐಇಪಿ ಸಭೆಗೆ ಕಾಯದೆ ಈಗಲೇ ಸಭೆ ಕರೆಯಿರಿ ಎಂದು ಬರಹದಲ್ಲಿ ಕೇಳಬಹುದು. ಗುರಿಗಳು ಅಳೆಯುವಂತಿವೆಯೇ, ಬರೆದಷ್ಟು ನಿಮಿಷದ ಸೇವೆ ನಿಜಕ್ಕೂ ಸಿಗುತ್ತಿದೆಯೇ ನೋಡಿ. ಐಇಪಿ ಇಲ್ಲ, ಆದರೆ ಕಲಿಕೆಯಲ್ಲಿ ಏನೋ ತೊಡಕಿದೆ ಎಂಬ ಅನುಮಾನ ಇದ್ದರೆ, ಮೌಲ್ಯಮಾಪನ ಮಾಡಿ ಎಂದು ದಿನಾಂಕ ಹಾಕಿದ ಪತ್ರ ಕೊಡಿ. ಮಿಷಿಗನ್ ನಿಯಮದಂತೆ ಡಿಸ್ಟ್ರಿಕ್ಟ್ 10 ಶಾಲಾ ದಿನಗಳಲ್ಲಿ ಉತ್ತರಿಸಬೇಕು, ನೀವು ಒಪ್ಪಿಗೆ ಸಹಿ ಹಾಕಿಕೊಟ್ಟ ಮೇಲೆ 30 ಶಾಲಾ ದಿನಗಳಲ್ಲಿ ಕೆಲಸ ಮುಗಿಸಬೇಕು. ಬಾಯಿಮಾತಿನಲ್ಲಿ ಕೇಳಿದರೆ ಈ ಗಡಿಯಾರ ಓಡುವುದೇ ಇಲ್ಲ. ಐಇಪಿ ಇರುವ ಮಗುವನ್ನು 105ಸಿ ಮೂಲಕ ಒಯ್ಯುವುದೂ ಸುಲಭವಲ್ಲ, ವಿಶೇಷ ಶಿಕ್ಷಣದ ಖರ್ಚಿನ ಬಗ್ಗೆ ಎರಡು ಡಿಸ್ಟ್ರಿಕ್ಟ್‌ಗಳ ನಡುವೆ ಲಿಖಿತ ಒಪ್ಪಂದ ಆಗಬೇಕು.

ಎರಡೂ ಸಂದರ್ಭದಲ್ಲಿ ಪ್ರಿನ್ಸಿಪಾಲರನ್ನು ಹದಿನೈದು ನಿಮಿಷ ಭೇಟಿಯಾಗಿ. ಪತ್ರದಲ್ಲೇ ಅವರ ಸಂಪರ್ಕ ಕೊಟ್ಟಿರುತ್ತಾರೆ, ನೀವು ಕೇಳುವುದನ್ನು ಅವರು ನಿರೀಕ್ಷಿಸಿಯೇ ಇರುತ್ತಾರೆ. ‘ಶಾಲೆ ಯಾಕೆ ಹೀಗಾಯಿತು?’ ಎಂದು ಕೇಳಿದರೆ ಸಮಾಧಾನದ ಮಾತು ಮಾತ್ರ ಸಿಗುತ್ತದೆ. ಎಟಿಎಸ್ ಗುಂಪಿನ ಗ್ರೋತ್ ಅಂಕಿ ಎಷ್ಟು, ಅವರಿಗಾಗಿ ಈ ವರ್ಷ ಯಾವ ಕಾರ್ಯಕ್ರಮ ಶುರುವಾಗಿದೆ, ವಾರಕ್ಕೆ ಎಷ್ಟು ನಿಮಿಷ, ಕಲಿಸುವವರು ಅರ್ಹ ಶಿಕ್ಷಕರೋ ಸಹಾಯಕರೋ ಎಂದು ಕೇಳಿ. ಶಾಲೆ ಟೈಟಲ್ 1 ನೆರವು ಪಡೆಯುತ್ತಿದ್ದರೆ ಮಗನ ಶಿಕ್ಷಕರ ಅರ್ಹತೆಯನ್ನು ಕೇಳುವುದು ನಿಮ್ಮ ಹಕ್ಕು. ಅಗತ್ಯ ಅರ್ಹತೆ ಇಲ್ಲದ ಶಿಕ್ಷಕರು ಸತತ ನಾಲ್ಕು ವಾರ ಪಾಠ ಮಾಡಿದರೆ ಶಾಲೆಯೇ ನಿಮಗೆ ತಿಳಿಸಬೇಕು.

ಕೊನೆಗೆ ಶಾಲೆಯ ಸುಧಾರಣಾ ಯೋಜನೆಯನ್ನು ಕೇಳಿ. ಮಿಷಿಗನ್‌ನಲ್ಲಿ ಅದನ್ನು ‘ಮೈಸಿಪ್’ ಎಂಬ ವ್ಯವಸ್ಥೆಯಲ್ಲಿ ಬರೆದಿಡುತ್ತಾರೆ. ‘ಓದಿಗೆ ಒತ್ತು ನೀಡುತ್ತೇವೆ’ ಎಂದಷ್ಟೇ ಇದ್ದರೆ ಯೋಜನೆಯಿಂದ ಉಪಯೋಗವಿಲ್ಲ. ಯಾವ ಮಕ್ಕಳು, ಯಾವ ಪರೀಕ್ಷೆಯಲ್ಲಿ, ಯಾವ ತಿಂಗಳ ಹೊತ್ತಿಗೆ, ಎಷ್ಟರಿಂದ ಎಷ್ಟಕ್ಕೆ ಎಂದು ಬರೆದಿದ್ದರೆ ಆ ಪುಟದ ಪ್ರತಿ ಇಟ್ಟುಕೊಳ್ಳಿ. ಮುಂದಿನ ವರ್ಷದ ಪತ್ರ ಬಂದಾಗ ಹೋಲಿಸಬೇಕಾದದ್ದು ಅದರ ಜೊತೆ. ಪ್ರಿನ್ಸಿಪಾಲರಿಂದ ಉತ್ತರ ಬರದಿದ್ದರೆ ಸ್ಕೂಲ್ ಬೋರ್ಡ್ ಸಭೆಗೆ ಹೋಗಿ. ಅಲ್ಲಿ ಸಾರ್ವಜನಿಕರು ಮಾತಾಡಲು ಸಮಯ ಕೊಡಲೇಬೇಕು. ಎಟಿಎಸ್ ಗುಂಪಿನ ಬಗ್ಗೆ ಪ್ರಿನ್ಸಿಪಾಲರಿಗೆ ಕೇಳಿದ ಆ ನಾಲ್ಕು ಪ್ರಶ್ನೆಗಳನ್ನು ಅಲ್ಲಿಯೂ ಕೇಳಿ.